ಹಳೆ ಜೆಟ್ಟಾಗೆ ಹೊಸ ಸ್ಟೀರಿಂಗ್, ಏರ್‌ಬ್ಯಾಗ್: ಕೊಳ್ಳುವ ಮುಂಚೆ ಏನು ನೋಡಬೇಕು, ಹೇಗೆ ಕೂರಿಸಬೇಕು

ನಮ್ಮಲ್ಲಿ 2008ರಿಂದ 2011ರವರೆಗೆ ಮಾರಾಟವಾದ ಐದನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಜೆಟ್ಟಾ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆ ಇದು. ಸ್ಟೀರಿಂಗ್ ರಿಮ್‌ನ ಚರ್ಮ ಸವೆದು ಸುಲಿದಿದೆ, ಬಟನ್‌ಗಳ ಮೇಲಿನ ಬಣ್ಣ ಕಿತ್ತು ಅಂಟಂಟಾಗಿದೆ. ಆರನೇ ತಲೆಮಾರಿನ ಜೆಟ್ಟಾದ ಅಥವಾ ಗಾಲ್ಫ್‌ನ ಮೂರು ಕಡ್ಡಿಯ ಸ್ಟೀರಿಂಗ್ ನೋಡೋಕೂ ಚೆನ್ನಾಗಿದೆ, ಹಿಡಿಯೋಕೂ ಚೆನ್ನಾಗಿದೆ. ಅದನ್ನು ನಮ್ಮ ಗಾಡಿಗೆ ಹಾಕಬಹುದಾ?

ಕೂರುತ್ತದೆ. ಎರಡೂ ತಲೆಮಾರು ಪಿಕ್ಯೂ35 ಎಂಬ ಅಡಿಪಾಯದ ಬಳಗಕ್ಕೇ ಸೇರಿದವು. ಹಾಗಾಗಿ ಸ್ಟೀರಿಂಗ್ ಕಂಬದ ತುದಿಯ ಹಲ್ಲುಗಳು, ಅಂದರೆ ಸ್ಪ್ಲೈನ್‌ಗಳು, ಹೊಂದುತ್ತವೆ. ಬೋಲ್ಟ್ ಬಿಚ್ಚಿ ಹಳೆಯದನ್ನು ತೆಗೆದು ಹೊಸದನ್ನು ತೂರಿಸಿ ಬಿಗಿ ಮಾಡುವುದು ಅರ್ಧ ಗಂಟೆಯ ಕೆಲಸವೂ ಅಲ್ಲ. ತೊಂದರೆ ಇರುವುದು ಏರ್‌ಬ್ಯಾಗ್‌ನಲ್ಲಿ. ಜನ ಮೊದಲು ವೀಲ್ (ಅಂದರೆ ಸ್ಟೀರಿಂಗ್ ಚಕ್ರ) ಕೊಂಡು, ಆಮೇಲೆ ಏರ್‌ಬ್ಯಾಗ್ ಹುಡುಕುತ್ತಾರೆ. ಪ್ಲಗ್ ಹೊಂದದಿದ್ದರೆ ತಂತಿ ಕತ್ತರಿಸಿ ಜೋಡಿಸುವ ಮಾತಿಗೆ ಬರುತ್ತಾರೆ. ಕ್ರಮ ತಿರುಗಾಮುರುಗಾ ಆಗಬೇಕು. ಮೊದಲು ನಿಮ್ಮ ಗಾಡಿಯ ಏರ್‌ಬ್ಯಾಗ್ ಎಂಥದ್ದು ಅಂತ ನೋಡಿ, ಅದಕ್ಕೆ ಹೊಂದುವ ಹೊಸ ಏರ್‌ಬ್ಯಾಗ್ ಸಿಗುತ್ತದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ವೀಲ್ ಕೊಳ್ಳುವುದು ಕೊನೆಗೆ.

ಶುರುವಿಗೇ ಬೇಡ ಅನ್ನಬೇಕಾದ ಮೂರು ಸಂದರ್ಭಗಳು

ನಿಮ್ಮ ಕಾರಿಗೆ ಕಾರ್ಖಾನೆಯಿಂದಲೇ ಏರ್‌ಬ್ಯಾಗ್ ಬಂದಿಲ್ಲ ಅಂದರೆ, ಏರ್‌ಬ್ಯಾಗ್ ಇರುವ ವೀಲ್ ಹಾಕಿದ ಮಾತ್ರಕ್ಕೆ ಅದು ಏರ್‌ಬ್ಯಾಗ್ ಕಾರು ಆಗುವುದಿಲ್ಲ. ಚೀಲ ಉಬ್ಬಬೇಕಾದರೆ ಅಪಘಾತ ಗುರುತಿಸುವ ಸೆನ್ಸರ್, ಸಿಡಿಸಲೋ ಬೇಡವೋ ಎಂದು ತೀರ್ಮಾನಿಸುವ ಕಂಟ್ರೋಲ್ ಮಾಡ್ಯೂಲ್, ಅಲ್ಲಿಂದ ವೀಲ್‌ವರೆಗೆ ಬರುವ ತಂತಿ ಎಲ್ಲವೂ ಬೇಕು. ಭಾರತದಲ್ಲಿ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಅದಕ್ಕೂ ಹಿಂದಿನ ಅಗ್ಗದ ಆವೃತ್ತಿಗಳ ಕಾರುಗಳಲ್ಲಿ ಈ ವ್ಯವಸ್ಥೆಯೇ ಇಲ್ಲದವು ಬೇಕಾದಷ್ಟಿವೆ. ಅಂಥ ಗಾಡಿಗೆ ಈ ಕೆಲಸ ಬೇಡ.

ಎರಡನೆಯದು, ಏರ್‌ಬ್ಯಾಗ್ ದೀಪ ಈಗಾಗಲೇ ಉರಿಯುತ್ತಿರುವ ಗಾಡಿ. ಮೊದಲು ಆ ದೋಷ ಸರಿಪಡಿಸಿ. ಹಳೆ ದೋಷದ ಮೇಲೆ ಹೊಸ ಕೆಲಸ ಮಾಡಿದರೆ ಯಾವುದು ಯಾರ ತಪ್ಪು ಅಂತ ಆಮೇಲೆ ಬಿಡಿಸಲಾಗುವುದಿಲ್ಲ.

ಮೂರನೆಯದು, ‘ಏರ್‌ಬ್ಯಾಗ್ ಹಳೆಯದೇ ಇರಲಿ, ಮೇಲಿನ ಮುಚ್ಚಳ ಮಾತ್ರ ಹೊಸದು ಹಾಕೋಣ’ ಅನ್ನುವ ಸಲಹೆ. ಮುಚ್ಚಳದ ಒಳಬದಿಯಲ್ಲಿ ತೆಳುವಾಗಿ ಕೊರೆದ ಗೆರೆಗಳಿರುತ್ತವೆ. ಚೀಲ ಉಬ್ಬುವಾಗ ಮುಚ್ಚಳ ಆ ಗೆರೆಯಲ್ಲೇ ಹರಿದು, ಬಾಗಿಲಿನಂತೆ ತೆರೆದುಕೊಳ್ಳಬೇಕು. ಚೀಲವನ್ನು ಮಡಚಿದ ರೀತಿ ಮತ್ತು ಮುಚ್ಚಳದ ಆಕಾರ ಒಂದಕ್ಕೊಂದು ಲೆಕ್ಕ ಹಾಕಿ ಮಾಡಿದವು. ಘಟಕವನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಮುಚ್ಚಳದ ಮೇಲೆ ಲೋಹದ ಲಾಂಛನ, ಹರಳು, ದಪ್ಪ ಸ್ಟಿಕ್ಕರ್ ಅಂಟಿಸುವುದೂ ಬೇಡ. ಸಿಡಿದ ಹೊತ್ತಿಗೆ ಅದು ಹಾರುವುದು ನಿಮ್ಮ ಮುಖದ ಕಡೆಗೇ.

ವೀಲ್‌ನ ಹಿಂದೆ ಏನೇನಿದೆ

ನಾಲ್ಕು ಭಾಗಗಳ ಪರಿಚಯ ಇದ್ದರೆ ಸಾಕು.

ಇಗ್ನೈಟರ್: ಏರ್‌ಬ್ಯಾಗ್‌ನ ಬೆನ್ನಿನಲ್ಲಿರುವ ಕಿಡಿಮದ್ದು. ಇದಕ್ಕೆ ಕರೆಂಟ್ ಹರಿದರೆ ಅನಿಲ ಉತ್ಪಾದಕ ಹೊತ್ತಿ, ಕಣ್ಣು ಮಿಟುಕಿಸುವುದರೊಳಗೆ ಚೀಲ ತುಂಬುತ್ತದೆ. ಕೆಲವು ಏರ್‌ಬ್ಯಾಗ್‌ಗಳಲ್ಲಿ ಒಂದು ಇಗ್ನೈಟರ್, ಕೆಲವದರಲ್ಲಿ ಎರಡು. ಎರಡಿದ್ದರೆ ಅಪಘಾತದ ತೀವ್ರತೆ ನೋಡಿ ಮಾಡ್ಯೂಲ್ ಒಂದಾದ ಮೇಲೆ ಒಂದನ್ನು ಹೊತ್ತಿಸುತ್ತದೆ. ಫೋಕ್ಸ್‌ವ್ಯಾಗನ್ ಭಾಷೆಯಲ್ಲಿ ಮೊದಲನೆಯದು ಎನ್95, ಎರಡನೆಯದು ಎನ್250.

ಕ್ಲಾಕ್ ಸ್ಪ್ರಿಂಗ್: ತಿರುಗುವ ವೀಲ್‌ಗೂ ತಿರುಗದ ಕಂಬಕ್ಕೂ ನಡುವೆ ತಂತಿಯ ಸಂಪರ್ಕ ಕಡಿಯದಂತೆ ಇಡುವ ದುಂಡನೆಯ ಪ್ಲಾಸ್ಟಿಕ್ ಡಬ್ಬಿ. ಒಳಗೆ ದರ್ಜಿಯ ಅಳತೆ ಟೇಪಿನಂತೆ ಸುರುಳಿ ಸುತ್ತಿದ ಚಪ್ಪಟೆ ತಂತಿ ಇರುತ್ತದೆ. ಸುರುಳಿಗೆ ಎರಡೂ ಕಡೆ ಒಂದು ಮಿತಿ ಇದೆ. ಮಿತಿ ಮೀರಿ ತಿರುಗಿಸಿದರೆ ತಂತಿ ಹರಿಯುತ್ತದೆ.

ಜೆ527: ಕಂಬದ ಮೇಲಿನ ಎಲೆಕ್ಟ್ರಾನಿಕ್ ಮಾಡ್ಯೂಲ್. ಇಂಡಿಕೇಟರ್, ವೈಪರ್ ಕಡ್ಡಿಗಳನ್ನೂ ವೀಲ್ ಬಟನ್‌ಗಳನ್ನೂ ಓದಿ ಉಳಿದ ಗಾಡಿಗೆ ಸುದ್ದಿ ಮುಟ್ಟಿಸುವುದು ಇದೇ. ವೀಲ್ ಎಷ್ಟು ಡಿಗ್ರಿ ತಿರುಗಿದೆ ಎಂದು ಹೇಳುವ ಜಿ85 ಸೆನ್ಸರ್ ಇರುವುದೂ ಈ ಜೋಡಣೆಯಲ್ಲೇ. ಗಾಡಿ ಜಾರದಂತೆ ತಡೆಯುವ ಇಎಸ್‌ಪಿ ಈ ಸೆನ್ಸರ್‌ನ ಮಾತನ್ನೇ ನಂಬಿ ಬ್ರೇಕ್ ಹಾಕುತ್ತದೆ.

ಒಳ ವೈರಿಂಗ್: ವೀಲ್‌ನ ಒಳಗೇ ಓಡುವ ಪುಟ್ಟ ತಂತಿ ಕಟ್ಟು. ಕ್ಲಾಕ್ ಸ್ಪ್ರಿಂಗ್‌ನಿಂದ ಏರ್‌ಬ್ಯಾಗ್, ಹಾರ್ನ್, ಬಟನ್‌ಗಳಿಗೆ ಹೋಗುವುದು ಇದು. ಹಳೆ ಸಾಮಾನು ಮಾರುವವರು ಸಾಮಾನ್ಯವಾಗಿ ಇದನ್ನು ಕಿತ್ತಿಟ್ಟುಕೊಂಡೇ ವೀಲ್ ಕೊಡುತ್ತಾರೆ. ಕೇಳಿ ತೆಗೆದುಕೊಳ್ಳಿ.

ಕೊಳ್ಳುವ ಮುಂಚೆ

ಪಾರ್ಟ್ ನಂಬರ್ ಓದುವುದು ಕಷ್ಟವಲ್ಲ. ಮೊದಲ ಮೂರು ಅಕ್ಷರ ಯಾವ ಕುಟುಂಬದ ಕಾರು ಎಂದು ಹೇಳುತ್ತವೆ: ಐದನೇ ಗಾಲ್ಫ್–ಜೆಟ್ಟಾ ಕುಟುಂಬಕ್ಕೆ 1ಕೆ0, ಆರನೇ ಗಾಲ್ಫ್‌ಗೆ 5ಕೆ0, ನಮ್ಮ ಪೋಲೋಗೆ 6ಆರ್0. ನಡುವಿನ ಆರು ಅಂಕಿ ಯಾವ ಭಾಗ ಎಂದು ಹೇಳುತ್ತವೆ: 419 091 ಅಂದರೆ ಸ್ಟೀರಿಂಗ್ ವೀಲ್, 880 201 ಅಂದರೆ ಚಾಲಕನ ಏರ್‌ಬ್ಯಾಗ್. ಕೊನೆಯ ಅಕ್ಷರಗಳು ಆವೃತ್ತಿ ಮತ್ತು ಬಣ್ಣ. ಜೆ527 ಮಾಡ್ಯೂಲ್‌ನ ನಂಬರ್ 1ಕೆ0 953 549, ಅದರ ಮುಂದೆ ಆವೃತ್ತಿಯ ಅಕ್ಷರ. ಆ ಕೊನೆಯ ಅಕ್ಷರವನ್ನು ನಿರ್ಲಕ್ಷಿಸಿ ‘ಎಲ್ಲಾ ಒಂದೇ’ ಅನ್ನುವ ಮಾರಾಟಗಾರರ ಮಾತಿಗೆ ಬೀಳಬೇಡಿ.

ನಿಮ್ಮ ಗಾಡಿಯ ಏರ್‌ಬ್ಯಾಗ್ ಹೊರತೆಗೆದು (ಕೆಳಗಿನ 1ರಿಂದ 4ನೇ ಹಂತ) ಅದರ ಬೆನ್ನಿನ ಫೋಟೋ ತೆಗೆದುಕೊಳ್ಳಿ. ನೋಡಬೇಕಾದ್ದು ಇಷ್ಟು: ಇಗ್ನೈಟರ್ ಪ್ಲಗ್ ಒಂದೋ ಎರಡೋ, ಪ್ಲಗ್‌ನ ಆಕಾರ ಯಾವುದು, ಲೇಬಲ್‌ನ ನಂಬರ್ ಏನು. ನಿಮ್ಮದರಲ್ಲಿ ಎರಡು ಪ್ಲಗ್ ಇದ್ದರೆ ಹೊಸದರಲ್ಲೂ ಎರಡೇ ಇರಬೇಕು, ಒಂದಿದ್ದರೆ ಒಂದೇ. ಈ ಒಂದು ಸಂಗತಿಯಲ್ಲಿ ರಾಜಿ ಬೇಡ.

ಯಾಕೆಂದರೆ ಏರ್‌ಬ್ಯಾಗ್ ಮಾಡ್ಯೂಲ್ ಪ್ರತಿ ಇಗ್ನೈಟರ್‌ನ ಪ್ರತಿರೋಧವನ್ನು ಸದಾ ಅಳೆಯುತ್ತಿರುತ್ತದೆ. ಅದು ಸುಮಾರು ಎರಡು ಓಮ್‌ನ ಆಸುಪಾಸಿನಲ್ಲಿರಬೇಕು. ಎರಡು ಇಗ್ನೈಟರ್ ಎದುರು ನೋಡುವ ಮಾಡ್ಯೂಲ್‌ಗೆ ಒಂದೇ ಸಿಕ್ಕರೆ ದೀಪ ಹೊತ್ತಿಸುತ್ತದೆ. ಆಗ ಗ್ಯಾರೇಜಿನವರು ಖಾಲಿ ಪ್ಲಗ್‌ಗೆ ರೆಸಿಸ್ಟರ್ ಸಿಕ್ಕಿಸಿ ದೀಪ ಆರಿಸಿ ಕೊಡುತ್ತಾರೆ. ಇದನ್ನು ಯಾರು ಹೇಳಿದರೂ ಒಪ್ಪಬೇಡಿ. ದೀಪ ಆರುತ್ತದೆ ನಿಜ, ಆದರೆ ಎರಡು ಹಂತದಲ್ಲಿ ತುಂಬಬೇಕಾದ ಚೀಲದ ಲೆಕ್ಕಕ್ಕೆ ಬರೆದ ತಂತ್ರಾಂಶ ಬೇರೊಂದು ಚೀಲವನ್ನು ಸಿಡಿಸುತ್ತದೆ. ಮುಂದೆ ನಿಜವಾದ ದೋಷ ಬಂದರೂ ಆ ಜಾಗದಲ್ಲಿ ದೀಪ ಹೊತ್ತುವುದಿಲ್ಲ. ಆಮೇಲೆ ಆ ಕಾರು ಕೊಳ್ಳುವವರಿಗಂತೂ ಇದರ ಸುಳಿವೇ ಸಿಗುವುದಿಲ್ಲ.

ಬಟನ್‌ಗಳ ವಿಷಯ ಎರಡನೆಯದು. ಜೆ527ರಲ್ಲಿ ವೀಲ್ ಬಟನ್ ಓದಬಲ್ಲ ಆವೃತ್ತಿಗಳೂ ಓದಲಾರದವೂ ಇವೆ. ನಿಮ್ಮ ಗಾಡಿಯಲ್ಲಿ ಕಾರ್ಖಾನೆಯಿಂದಲೇ ಬಟನ್ ವೀಲ್ ಇದ್ದರೆ ಸಾಮಾನ್ಯವಾಗಿ ದಾರಿ ಸುಗಮ. ಇಲ್ಲದಿದ್ದರೆ ಮಾಡ್ಯೂಲ್ ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ, ಇಲ್ಲವೇ ಬಟನ್ ಇಲ್ಲದ ವೀಲ್ ಹುಡುಕಿ. ಹೊರಗಿನ ಕಂಪನಿಯ ಆಂಡ್ರಾಯ್ಡ್ ಪ್ಲೇಯರ್ ಹಾಕಿಸಿದ್ದರೆ ಬಟನ್‌ನ ಸುದ್ದಿ ಅದಕ್ಕೆ ಮುಟ್ಟಲು ಕ್ಯಾನ್ ಡಿಕೋಡರ್ ಡಬ್ಬಿ ಬೇಕು. ಗೇರ್ ಪ್ಯಾಡಲ್ ಇರುವ ವೀಲ್ ಅನ್ನು ಮ್ಯಾನ್ಯುಯಲ್ ಗಾಡಿಗೆ ಹಾಕಿದರೆ ಪ್ಯಾಡಲ್‌ಗಳು ಸುಮ್ಮನೆ ಇರುತ್ತವೆ, ಅಷ್ಟೇ.

ಇನ್ನು ಏರ್‌ಬ್ಯಾಗ್ ಎಲ್ಲಿಂದ? ಹೊಸದು, ಬಿಲ್ ಸಮೇತ, ಕಂಪನಿಯ ಬಿಡಿಭಾಗ ವಿಭಾಗದಿಂದ ಸಿಕ್ಕರೆ ಅದೇ ಒಳ್ಳೆಯದು. ದುಬಾರಿ ನಿಜ. ವೀಲ್ ಮಾತ್ರ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಕೊಂಡರೂ ಅಡ್ಡಿಯಿಲ್ಲ, ಬಿರುಕು, ಬಾಗು ಇಲ್ಲದಿದ್ದರೆ ಸರಿ. ಏರ್‌ಬ್ಯಾಗ್ ಹಳೆಯದನ್ನೇ ಕೊಳ್ಳಬೇಕಾಗಿ ಬಂದರೆ ಹೀಗೆ ನೋಡಿ:

– ಮುಚ್ಚಳವನ್ನು ಓರೆ ಬೆಳಕಿನಲ್ಲಿ ಹಿಡಿದು ನೋಡಿ. ಸಿಡಿದ ಏರ್‌ಬ್ಯಾಗ್‌ನ ಮುಚ್ಚಳವನ್ನು ಅಂಟಿಸಿ, ಲಪ್ಪ ಬಳಿದು, ಬಣ್ಣ ಹೊಡೆದು ಮಾರುವುದುಂಟು. ಮೂಲ ಮುಚ್ಚಳದ ಚರ್ಮದಂಥ ನವಿರು ಗೆರೆಗಳು ಎಲ್ಲ ಕಡೆ ಒಂದೇ ಸಮ ಇರುತ್ತವೆ. ಬಣ್ಣ ಹೊಡೆದ ಕಡೆ ಅವು ತುಂಬಿಕೊಂಡು ನುಣುಪಾಗಿರುತ್ತವೆ.
– ಬೆನ್ನಿನ ಲೇಬಲ್, ಬಾರ್‌ಕೋಡ್ ಹರಿಯದೆ ಇರಬೇಕು. ಲೇಬಲ್ ಕಿತ್ತದ್ದು ಬೇಡ.
– ಪ್ಲಗ್ ಕೂರುವ ಕುಳಿ ಕರಗಿರಬಾರದು, ಲೋಹಕ್ಕೆ ತುಕ್ಕು ಹಿಡಿದಿರಬಾರದು, ನೀರಿನ ಕಲೆ ಇರಬಾರದು. ಪ್ರವಾಹದಲ್ಲಿ ಮುಳುಗಿದ ಗಾಡಿಯದ್ದಾದರೆ ಕಣ್ಣೆತ್ತಿಯೂ ನೋಡಬೇಡಿ.
– ಗಟ್ಟಿ ನೆಲಕ್ಕೆ ಬಿದ್ದ ಏರ್‌ಬ್ಯಾಗ್ ಹೊರಗೆ ಸರಿ ಕಂಡರೂ ಹಾಕಬಾರದು.
– ಯಾವ ಗಾಡಿಯಿಂದ ಬಂತು, ಅದರ ಚಾಸಿ ನಂಬರ್ ಏನು ಅಂತ ಕೇಳಿ. ಆ ನಂಬರಿನ ಮೇಲೆ ಹಿಂಪಡೆತದ ಕರೆ (ರೀಕಾಲ್) ಇತ್ತೇ ಎಂದು ಕಂಪನಿಯಿಂದ ತಿಳಿದುಕೊಳ್ಳಿ.

ಈ ಕೊನೆಯದಕ್ಕೆ ಕಾರಣ ಇದೆ. ತಕಾಟಾ ಕಂಪನಿಯ ಅನಿಲ ಉತ್ಪಾದಕಗಳಲ್ಲಿದ್ದ ಅಮೋನಿಯಂ ನೈಟ್ರೇಟ್, ಬಿಸಿ ಮತ್ತು ತೇವದ ಏರಿಳಿತಕ್ಕೆ ವರ್ಷಗಟ್ಟಲೆ ಸಿಕ್ಕು ಕೆಡುತ್ತಿತ್ತು. ಕೆಟ್ಟ ಮೇಲೆ ಅದು ಬೇಕಾದ್ದಕ್ಕಿಂತ ರಭಸದಿಂದ ಉರಿದು, ಲೋಹದ ಡಬ್ಬಿಯನ್ನೇ ಒಡೆದು ಚೂರುಗಳನ್ನು ಮುಖಕ್ಕೆ ಎರಚುತ್ತಿತ್ತು. ಜಗತ್ತಿನಾದ್ಯಂತ ಹಿಂದಕ್ಕೆ ಕರೆದ ಇಂಥ ಉತ್ಪಾದಕಗಳು ಸುಮಾರು 10 ಕೋಟಿ. ಅಮೆರಿಕದಲ್ಲಿ 2016ರಲ್ಲಿ ಫೋಕ್ಸ್‌ವ್ಯಾಗನ್‌ನ ಗಾಲ್ಫ್, ಪಸಾಟ್ ಮುಂತಾದ ಕಾರುಗಳ ಚಾಲಕನ ಏರ್‌ಬ್ಯಾಗ್‌ಗಳೂ ಈ ಪಟ್ಟಿಗೆ ಸೇರಿದವು. ಮಂಗಳೂರು, ಉಡುಪಿ, ಕಾರವಾರದ ಕಡೆ ಓಡಿದ ಗಾಡಿಯ ಹಳೆ ಏರ್‌ಬ್ಯಾಗ್ ಕೊಳ್ಳುವವರಿಗೆ ಬಿಸಿ ಮತ್ತು ತೇವ ಅನ್ನುವ ಮಾತು ಬಿಡಿಸಿ ಹೇಳಬೇಕಿಲ್ಲ.

ಜರ್ಮನಿಯಲ್ಲೋ ಅಮೆರಿಕದಲ್ಲೋ ಇರುವ ಬಂಧುಗಳ ಕೈಲಿ ತರಿಸುವ ಯೋಚನೆ ಇದ್ದರೆ: ವೀಲ್ ಅನ್ನು ಸೂಟ್‌ಕೇಸಿನಲ್ಲಿ ತರಬಹುದು, ಏರ್‌ಬ್ಯಾಗ್ ತರುವಂತಿಲ್ಲ. ಅದು ಯುಎನ್ 3268 ಸಂಖ್ಯೆಯಡಿ ಬರುವ 9ನೇ ವರ್ಗದ ಅಪಾಯಕಾರಿ ಸರಕು. ವಿಮಾನದ ಪ್ರಯಾಣಿಕರ ಬ್ಯಾಗಿಗೆ ಅದು ನಿಷಿದ್ಧ, ಸಾಮಾನ್ಯ ಕೊರಿಯರ್‌ಗೂ ಸಲ್ಲದು.

ಕಾನೂನು, ವಿಮೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಹೇಳಿದ ವಿವರಕ್ಕೆ ವ್ಯತಿರಿಕ್ತವಾಗಿ ವಾಹನ ಬದಲಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಭಾಗಗಳನ್ನು ಹೊರಗಿನಿಂದ ತಂದು ಜೋಡಿಸುವುದೂ ಆ ಕಲಂನ ಮಾತಿನಲ್ಲಿ ಸೇರಿದೆ. ಆದ್ದರಿಂದ ಕೆಲಸಕ್ಕೆ ಮುಂಚೆ ಆರ್‌ಟಿಒ ಮತ್ತು ವಿಮಾ ಕಂಪನಿ ಇಬ್ಬರನ್ನೂ ಬರಹದಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಬಾಯಿಮಾತಿನ ‘ಏನೂ ಆಗಲ್ಲ ಸಾರ್’ ಕ್ಲೇಮ್ ಹೊತ್ತಿಗೆ ನಿಮ್ಮ ಜೊತೆ ನಿಲ್ಲುವುದಿಲ್ಲ. ಬಿಡಿಭಾಗದ ಬಿಲ್ ಇಟ್ಟುಕೊಳ್ಳಿ, ಹಳೆ ವೀಲ್ ಮಾರಬೇಡಿ.

ಬೇಕಾದ ಸಾಮಾನು

ಬ್ಯಾಟರಿ ಟರ್ಮಿನಲ್‌ಗೆ 10 ಮಿ.ಮೀ. ಸ್ಪ್ಯಾನರ್. ಏರ್‌ಬ್ಯಾಗ್ ಬಿಡಿಸಲು ಉದ್ದನೆಯ ಚಪ್ಪಟೆ ಸ್ಕ್ರೂಡ್ರೈವರ್, ಪ್ಲಗ್‌ನ ಬೀಗ ಎತ್ತಲು ತೀರಾ ಸಣ್ಣದೊಂದು. ವೀಲ್ ಬೋಲ್ಟ್‌ಗೆ ಎಂ12 ಗಾತ್ರದ, ಹನ್ನೆರಡು ಮೂಲೆಯ ಎಕ್ಸ್‌ಝಡ್‌ಎನ್ ಬಿಟ್. ಇದರ ಬದಲು ಟಾರ್ಕ್ಸ್ ಬಿಟ್ ಅಥವಾ ಅಲೆನ್ ಕೀ ತುರುಕಿದರೆ ಬೋಲ್ಟ್‌ನ ತಲೆ ಒಳಗೇ ಸವೆದು ಹೋಗುತ್ತದೆ, ಆಮೇಲೆ ಅದನ್ನು ಕೊರೆದೇ ತೆಗೆಯಬೇಕು. ಉದ್ದ ಹಿಡಿಕೆಯ ಬ್ರೇಕರ್ ಬಾರ್, ಟಾರ್ಕ್ ರೆಂಚ್, ಬಿಳಿ ಪೇಂಟ್ ಪೆನ್, ಸೆಂಟರ್ ಪಂಚ್, ಹೊಸ ಬೋಲ್ಟ್ ಒಂದು.

ಇದಲ್ಲದೆ ಏರ್‌ಬ್ಯಾಗ್ ಮಾಡ್ಯೂಲ್ ಓದಬಲ್ಲ ಡಯಾಗ್ನೋಸ್ಟಿಕ್ ಉಪಕರಣ ಬೇಕೇ ಬೇಕು. ವಿಸಿಡಿಎಸ್ ಅಥವಾ ಒಬಿಡಿ ಇಲೆವೆನ್ ಆಗುತ್ತದೆ. ಎಂಜಿನ್ ದೋಷ ಮಾತ್ರ ತೋರಿಸುವ ಅಗ್ಗದ ಬ್ಲೂಟೂತ್ ಡಾಂಗಲ್ ಇಲ್ಲಿ ಉಪಯೋಗಕ್ಕಿಲ್ಲ.

ಮಲ್ಟಿಮೀಟರ್ ಬೇಡ. ಏರ್‌ಬ್ಯಾಗ್‌ನ ಇಗ್ನೈಟರ್‌ಗೆ ಅದನ್ನು ಯಾವ ಕಾರಣಕ್ಕೂ ಮುಟ್ಟಿಸಬಾರದು. ಓಮ್ ಅಳೆಯಲು ಮೀಟರ್ ಹಾಯಿಸುವ ಕರೆಂಟೇ ಅದನ್ನು ಸಿಡಿಸಬಹುದು.

ಕೆಲಸದ ಹಂತಗಳು

1. ಮೊದಲು ಸ್ಕ್ಯಾನ್. ಎಲ್ಲ ಮಾಡ್ಯೂಲ್‌ಗಳ ವರದಿ ತೆಗೆದು ಉಳಿಸಿಕೊಳ್ಳಿ. ಮುಖ್ಯವಾಗಿ 03 (ಬ್ರೇಕ್), 15 (ಏರ್‌ಬ್ಯಾಗ್), 16 (ಸ್ಟೀರಿಂಗ್ ಕಂಬ), 19 (ಗೇಟ್‌ವೇ), 44 (ಪವರ್ ಸ್ಟೀರಿಂಗ್). 16ರ ಈಗಿನ ಕೋಡಿಂಗ್ ಸಂಖ್ಯೆಯನ್ನು, ಅಂದರೆ ಗಾಡಿಯಲ್ಲಿ ಏನೇನಿದೆ ಎಂದು ಮಾಡ್ಯೂಲ್‌ಗೆ ತಿಳಿಸುವ ಸಂಖ್ಯೆಯನ್ನು, ಬರೆದಿಟ್ಟುಕೊಳ್ಳಿ. ಹಿಂದಕ್ಕೆ ಹೋಗಬೇಕಾದರೆ ಇರುವ ದಾರಿ ಅದೊಂದೇ.

2. ಗಾಡಿ ನೇರ ನಿಲ್ಲಿಸಿ. ಸಮತಟ್ಟು ನೆಲದಲ್ಲಿ ಸ್ವಲ್ಪ ದೂರ ನೇರ ಓಡಿಸಿ, ಮುಂದಿನ ಚಕ್ರ ನೇರ ಇರುವಂತೆ ನಿಲ್ಲಿಸಿ. ಸ್ಟೀರಿಂಗ್ ಕಂಬವನ್ನು ಪೂರ್ತಿ ಹೊರಕ್ಕೆ ಎಳೆದು ಕೆಳಕ್ಕೆ ಇಳಿಸಿ. ಹಿಂಬದಿಗೆ ಕೈ ಹೋಗಲು ಜಾಗ ಬೇಕು. ರೇಡಿಯೋಗೆ ಕೋಡ್ ಇದ್ದರೆ ಅದು ಕೈಯಲ್ಲಿರಲಿ.

3. ಬ್ಯಾಟರಿ ಬಿಡಿಸಿ, ಕಾಯಿರಿ. ಕೀ ಹಾಕಿ ಸ್ಟೀರಿಂಗ್ ಬೀಗ ಬಿಡಿಸಿ, ಕೀ ಅಲ್ಲೇ ಇರಲಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಅದು ತಾನಾಗಿ ಟರ್ಮಿನಲ್‌ಗೆ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕೆ ಕಟ್ಟಿ. ಅಪಘಾತದಲ್ಲಿ ಬ್ಯಾಟರಿ ಕಡಿದುಹೋದರೂ ಚೀಲ ಸಿಡಿಸಲು ಬೇಕಾದ ಶಕ್ತಿಯನ್ನು ಮಾಡ್ಯೂಲ್ ತನ್ನ ಕೆಪ್ಯಾಸಿಟರ್‌ನಲ್ಲಿ ಕೂಡಿಟ್ಟುಕೊಂಡಿರುತ್ತದೆ. ಅದು ಇಳಿಯಬೇಕು. ಹತ್ತು ನಿಮಿಷಕ್ಕೆ ಕಡಿಮೆ ಕಾಯಬೇಡಿ. ನಿಮ್ಮ ಗಾಡಿಯ ಕೈಪಿಡಿ ಹೆಚ್ಚು ಹೊತ್ತು ಹೇಳಿದರೆ ಅಷ್ಟು.

4. ಏರ್‌ಬ್ಯಾಗ್ ಹೊರತೆಗೆಯಿರಿ. ಇಲ್ಲಿಂದ ಮುಂದೆ ಆತುರ ಬೇಡ. ವೀಲ್ ಅನ್ನು 90 ಡಿಗ್ರಿ ತಿರುಗಿಸಿ, ಹಿಂಬದಿಯ ತೂತು ಮೇಲಕ್ಕೆ ಬರುತ್ತದೆ. ಬ್ಯಾಟರಿ ಇಲ್ಲದಿರುವುದರಿಂದ ಪವರ್ ಸ್ಟೀರಿಂಗ್ ಸಹಾಯ ಸಿಗುವುದಿಲ್ಲ, ಬಿಗಿಯಾಗಿರುತ್ತದೆ. ಉದ್ದ ಸ್ಕ್ರೂಡ್ರೈವರ್ ತೂತಿಗೆ ತೂರಿಸಿ, ಒಳಗಿನ ಸ್ಪ್ರಿಂಗ್ ಕ್ಲಿಪ್ಪನ್ನು ಬೆರಳಿಗೆ ಗೊತ್ತಾಗುವವರೆಗೆ ತಡಕಿ ಮೀಟಿ. ಏರ್‌ಬ್ಯಾಗ್‌ನ ಆ ಬದಿ ಟಕ್ ಎಂದು ಮುಂದಕ್ಕೆ ಬರುತ್ತದೆ. 180 ಡಿಗ್ರಿ ತಿರುಗಿಸಿ ಇನ್ನೊಂದು ಬದಿಯನ್ನೂ ಹಾಗೇ ಬಿಡಿಸಿ. ಬಲವಂತವಾಗಿ ಎಳೆದರೆ ಕ್ಲಿಪ್ ಮುರಿಯುತ್ತದೆ. ಬರಲಿಲ್ಲ ಅಂದರೆ ಸ್ಕ್ರೂಡ್ರೈವರ್‌ನ ಕೋನ ಬದಲಿಸಿ.

ಪ್ಲಗ್ ಮುಟ್ಟುವ ಮುಂಚೆ ಬಾಗಿಲ ಬೀಗ ಸಿಕ್ಕಿಕೊಳ್ಳುವ ಬರಿ ಲೋಹದ ಕೊಕ್ಕೆಯನ್ನು ಮುಟ್ಟಿ, ಮೈಮೇಲಿನ ಸ್ಥಿರ ವಿದ್ಯುತ್ ಇಳಿಯಲಿ. ಇಗ್ನೈಟರ್ ಪ್ಲಗ್‌ನ ನಡುವಿನ ಬೀಗವನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಮೇಲೆತ್ತಿ, ಆಮೇಲೆ ಪ್ಲಗ್ ನೇರ ಎಳೆಯಿರಿ. ತಂತಿ ಹಿಡಿದು ಎಳೆಯಬೇಡಿ.

ಏರ್‌ಬ್ಯಾಗ್ ಹೊತ್ತೊಯ್ಯುವಾಗ ಮುಚ್ಚಳ ನಿಮ್ಮ ಮೈಯಿಂದ ಆಚೆಗೆ ಇರಲಿ. ಇಡುವಾಗ ಮುಚ್ಚಳ ಮೇಲಕ್ಕೆ ಇರಲಿ, ಮೇಲೇನೂ ಹೇರಬೇಡಿ. ಕವುಚಿ ಹಾಕಿದ ಏರ್‌ಬ್ಯಾಗ್ ಸಿಡಿದರೆ ಇಡೀ ಲೋಹದ ಘಟಕವೇ ಮೇಲಕ್ಕೆ ಚಿಮ್ಮುತ್ತದೆ. ಬಿಸಿಲು ಬೀಳದ, ಮಕ್ಕಳ ಕೈಗೆ ಎಟುಕದ ಜಾಗ ನೋಡಿ ಇಡಿ.

ಏರ್‌ಬ್ಯಾಗ್ ಬಿಡಿಸಿದ ಸ್ಥಿತಿಯಲ್ಲಿ ಬ್ಯಾಟರಿ ಜೋಡಿಸಿ ಇಗ್ನಿಷನ್ ಆನ್ ಮಾಡಬೇಡಿ. ಮಾಡಿದರೆ ದೋಷ ಮಾಡ್ಯೂಲ್‌ನಲ್ಲಿ ದಾಖಲಾಗುತ್ತದೆ, ಉಪಕರಣವಿಲ್ಲದೆ ಅಳಿಸಲಾಗುವುದಿಲ್ಲ. ಪ್ಲಗ್ ನೋಡಲಷ್ಟೇ ತೆಗೆದಿದ್ದರೆ ವಾಪಸ್ ಕೂರಿಸಿಯೇ ಬ್ಯಾಟರಿ ಜೋಡಿಸಿ.

5. ವೀಲ್ ಬಿಚ್ಚಿ. ವೀಲ್ ಅನ್ನು ಮತ್ತೆ ನಡುವಿಗೆ ತನ್ನಿ, ಚಕ್ರ ನೇರ ಇವೆಯೇ ನೋಡಿ. ಒಳ ವೈರಿಂಗ್‌ನ ಮುಖ್ಯ ಪ್ಲಗ್ ಬಿಡಿಸಿ. ಕಂಬದ ತುದಿ ಮತ್ತು ವೀಲ್ ಕೂಡುವ ಕಡೆ ಪೇಂಟ್ ಪೆನ್‌ನಿಂದ ಗೆರೆ ಎಳೆಯಿರಿ. ಎಕ್ಸ್‌ಝಡ್‌ಎನ್ ಬಿಟ್ ಅನ್ನು ಬೋಲ್ಟ್‌ನೊಳಗೆ ತಳ ಮುಟ್ಟುವವರೆಗೆ ಕೂರಿಸಿ. ಬೋಲ್ಟ್ ಅಂಟು ಹಾಕಿ ಬಿಗಿದದ್ದು, ಸುಲಭಕ್ಕೆ ಬಿಡುವುದಿಲ್ಲ. ಇಲ್ಲಿ ಬಹಳ ಜನ ಮಾಡುವ ತಪ್ಪು, ಸ್ಟೀರಿಂಗ್ ಬೀಗ ಹಾಕಿ ಅದರ ಆಸರೆಯಲ್ಲಿ ಬೋಲ್ಟ್ ತಿರುಗಿಸುವುದು. ಬೀಗದ ಮೊಳೆ ಮುರಿಯುತ್ತದೆ. ಒಬ್ಬರು ರಿಮ್ ಗಟ್ಟಿಯಾಗಿ ಹಿಡಿಯಲಿ, ಇನ್ನೊಬ್ಬರು ಬಾರ್ ತಿರುಗಿಸಲಿ.

ಬೋಲ್ಟ್ ಸಡಿಲವಾದ ಮೇಲೆ ಪೂರ್ತಿ ತೆಗೆಯದೆ ನಾಲ್ಕೈದು ಸುತ್ತು ಉಳಿಸಿ, ವೀಲ್ ಅನ್ನು ಎರಡೂ ಕೈಯಿಂದ ಅಲುಗಿಸುತ್ತಾ ಎಳೆಯಿರಿ. ಪಟ್ಟನೆ ಕಿತ್ತು ಬಂದರೂ ಬೋಲ್ಟ್ ತಡೆಯುತ್ತದೆ, ಮುಖಕ್ಕೆ ಬಡಿಯುವುದಿಲ್ಲ.

6. ಕ್ಲಾಕ್ ಸ್ಪ್ರಿಂಗ್ ಅಲುಗಬಾರದು. ವೀಲ್ ಹೊರಬಂದ ಕ್ಷಣದಿಂದ ಹೊಸದು ಕೂರುವವರೆಗೆ ಆ ದುಂಡು ಡಬ್ಬಿಯ ನಡುವಿನ ಭಾಗವನ್ನು ತಿರುಗಿಸಬೇಡಿ. ಒಂದು ಟೇಪ್ ತುಂಡು ಅಂಟಿಸಿಬಿಡಿ. ಈ ಕಾರುಗಳ ಕ್ಲಾಕ್ ಸ್ಪ್ರಿಂಗ್‌ನಲ್ಲಿ ಪುಟ್ಟ ಕಿಂಡಿ ಇದ್ದು, ಸುರುಳಿ ನಡುವಿನಲ್ಲಿದ್ದಾಗ ಅದರಲ್ಲಿ ಹಳದಿ ಬಣ್ಣ ಕಾಣುತ್ತದೆ. ಕಾಣುತ್ತಿಲ್ಲ ಅಂದರೆ ನಡು ತಪ್ಪಿದೆ. ಹಾಗೇ ಕೂರಿಸಿದರೆ ಮೊದಲ ಯು-ಟರ್ನ್‌ನಲ್ಲಿ ಒಳಗಿನ ತಂತಿ ಹರಿದು ಏರ್‌ಬ್ಯಾಗ್, ಹಾರ್ನ್, ಬಟನ್ ಮೂರೂ ಒಟ್ಟಿಗೆ ಸತ್ತುಹೋಗುತ್ತವೆ.

7. ಹೊಸ ವೀಲ್ ಕೂರಿಸಿ. ಒಳ ವೈರಿಂಗ್ ಮೊದಲೇ ಹೊಸ ವೀಲ್‌ನಲ್ಲಿ ಅದರದ್ದೇ ಕೊಕ್ಕೆಗಳಲ್ಲಿ ಸಿಕ್ಕಿಸಿಡಿ. ಕೊಕ್ಕೆ ತಪ್ಪಿದ ತಂತಿ ಏರ್‌ಬ್ಯಾಗ್‌ನ ಅಡಿಗೆ ಸಿಕ್ಕಿ ನುಜ್ಜಾಗುತ್ತದೆ; ಹಾರ್ನ್ ಒತ್ತಿದಾಗಲೆಲ್ಲ ಏರ್‌ಬ್ಯಾಗ್ ಒಳಕ್ಕೆ ಸರಿದು ತಂತಿಯನ್ನು ತೇಯುತ್ತದೆ. ಹಳೆ ವೀಲ್‌ನಲ್ಲಿ ಗೆರೆ ಇದ್ದ ಜಾಗದಲ್ಲೇ ಹೊಸ ವೀಲ್‌ಗೂ ಗುರುತು ಹಾಕಿಕೊಂಡು, ಅದನ್ನು ಕಂಬದ ತುದಿಯ ಗೆರೆಗೆ ಸರಿಹೊಂದಿಸಿ ತಳ್ಳಿ. ಬೋಲ್ಟ್ ಬಿಗಿಯುವ ಮುಂಚೆ ಒಂದಿಷ್ಟು ಹಿಂದೆ ಸರಿದು ಕಡ್ಡಿಗಳು ಅಡ್ಡಕ್ಕೆ ಸಮ ಇವೆಯೇ ನೋಡಿ. ಒಂದು ಹಲ್ಲು ತಪ್ಪಿದರೂ ವೀಲ್ ಓರೆ ಕಾಣುತ್ತದೆ. ಓರೆಯಾದರೆ ಬಿಚ್ಚಿ ಮತ್ತೆ ಕೂರಿಸಿ. ಅಲೈನ್‌ಮೆಂಟ್ ಅಂಗಡಿಗೆ ಹೋಗಿ ಟೈ ರಾಡ್ (ಮುಂದಿನ ಚಕ್ರ ತಿರುಗಿಸುವ ಸರಳು) ಎಳೆಸಿ ಸರಿಮಾಡಿಸುವುದು ಖಂಡಿತ ಬೇಡ. ವೀಲ್ ನೇರ ಕಾಣುತ್ತದೆ, ಆದರೆ ಕಂಬದ ಜಿ85 ಸೆನ್ಸರ್‌ನ ಸೊನ್ನೆ ತಪ್ಪಿ, ನೇರ ಹೋಗುವಾಗಲೂ ನೀವು ತಿರುಗಿಸುತ್ತಿದ್ದೀರಿ ಎಂದು ಇಎಸ್‌ಪಿ ತಿಳಿಯುತ್ತದೆ.

ಬಿಗಿತ: ಐದನೇ ತಲೆಮಾರಿನ ಗಾಡಿಯ ಬೋಲ್ಟ್‌ಗೆ 50 ನ್ಯೂಟನ್ ಮೀಟರ್. ಹಳೆ ಬೋಲ್ಟ್ ಐದು ಸಲದವರೆಗೆ ಬಳಸಬಹುದು, ಬಿಗಿದಾಗಲೆಲ್ಲ ತಲೆಯ ಮೇಲೆ ಪಂಚ್‌ನಿಂದ ಒಂದು ಚುಕ್ಕೆ ಹೊಡೆಯಬೇಕು. ನಿಮ್ಮ ಬೋಲ್ಟ್‌ನ ಮೇಲೆ ಈಗಾಗಲೇ ಚುಕ್ಕೆಗಳಿದ್ದರೆ ಎಣಿಸಿ. ಹೊಸ ಬೋಲ್ಟ್ ತಂದಿದ್ದರೆ ಆ ಪಾರ್ಟ್ ನಂಬರಿಗೆ ಹೇಳಿದ ಬಿಗಿತವನ್ನೇ ಹಿಡಿಯಿರಿ.

8. ಏರ್‌ಬ್ಯಾಗ್ ಜೋಡಿಸಿ. ಮತ್ತೆ ಲೋಹ ಮುಟ್ಟಿ. ಇಗ್ನೈಟರ್ ಪ್ಲಗ್ ಅನ್ನು ಟಿಕ್ ಎನ್ನುವವರೆಗೆ ಒತ್ತಿ, ಆಮೇಲೆ ಅದರ ಬೀಗವನ್ನು ಕೆಳಕ್ಕೆ ಒತ್ತಿ. ಬೀಗ ಇಳಿಯದಿದ್ದರೆ ಪ್ಲಗ್ ಪೂರ್ತಿ ಕೂತಿಲ್ಲ ಅಂತಲೇ ಅರ್ಥ. ಎರಡು ಪ್ಲಗ್ ಇದ್ದರೆ ಬಣ್ಣ, ಕುಳಿಯ ಆಕಾರ ನೋಡಿ ಅವುಗಳ ಜಾಗಕ್ಕೇ ಹಾಕಿ. ಏರ್‌ಬ್ಯಾಗ್ ಅನ್ನು ಎರಡೂ ಬದಿ ಸಮವಾಗಿ ಒತ್ತಿ ಕ್ಲಿಪ್ ಬೀಳಿಸಿ. ಸುತ್ತಲಿನ ಸಂದು ಎಲ್ಲ ಕಡೆ ಒಂದೇ ಅಗಲ ಇರಬೇಕು.

9. ಬ್ಯಾಟರಿ ಜೋಡಿಸುವಾಗ ಗಾಡಿಯೊಳಗೆ ಯಾರೂ ಇರಬಾರದು. ಕೀ ಆಫ್ ಮಾಡಿ ಹೊರಬನ್ನಿ, ಮೈನಸ್ ತಂತಿ ಜೋಡಿಸಿ. ಆಮೇಲೆ ಬಾಗಿಲ ಬದಿಯಿಂದ ಕೈ ಮಾತ್ರ ಚಾಚಿ ಕೀ ತಿರುಗಿಸಿ, ತಲೆ ವೀಲ್‌ನ ಎದುರು ಬಾರದಿರಲಿ. ಏರ್‌ಬ್ಯಾಗ್ ದೀಪ ಕೆಲವು ಕ್ಷಣ ಉರಿದು ಆರಬೇಕು.

ಇಎಸ್‌ಪಿ ಮತ್ತು ಸ್ಟೀರಿಂಗ್ ದೀಪ ಹಳದಿಯಾಗಿ ಉರಿಯುತ್ತಿದ್ದರೆ ಗಾಬರಿ ಬೇಡ, ಬ್ಯಾಟರಿ ಬಿಡಿಸಿದ್ದಕ್ಕೆ ಹಾಗಾಗುತ್ತದೆ. ಎಂಜಿನ್ ಚಾಲೂ ಮಾಡಿ ವೀಲ್ ಅನ್ನು ಎಡದ ತುದಿಯಿಂದ ಬಲದ ತುದಿಗೆ ತಿರುಗಿಸಿ, ಖಾಲಿ ಜಾಗದಲ್ಲಿ ನಿಧಾನಕ್ಕೆ ಸ್ವಲ್ಪ ದೂರ ನೇರ ಓಡಿಸಿ. ಆರುತ್ತವೆ. ಆರದಿದ್ದರೆ ಉಪಕರಣದಿಂದ ಜಿ85ರ ಸೊನ್ನೆ ಹೊಂದಿಸಬೇಕು.

10. ಕೋಡಿಂಗ್. ಮೊದಲು ಬಟನ್ ಇಲ್ಲದ ವೀಲ್ ಇದ್ದು ಈಗ ಬಟನ್ ವೀಲ್ ಹಾಕಿದ್ದರೆ ಮಾತ್ರ ಇದು ಬೇಕು. 16ನೇ ಮಾಡ್ಯೂಲ್‌ನಲ್ಲಿ ಬಹುಕಾರ್ಯ ವೀಲ್ ಇದೆ ಎಂದು ಕೋಡ್ ಮಾಡಿ. ಯಾವ ಅಂಕಿ ಯಾವುದಕ್ಕೆ ಎಂಬ ವಿವರಣೆ ಉಪಕರಣದ ಪರದೆಯಲ್ಲೇ ಮಾಡ್ಯೂಲ್‌ಗೆ ತಕ್ಕಂತೆ ಬರುತ್ತದೆ, ಇನ್ನೊಬ್ಬರ ಗಾಡಿಯ ಸಂಖ್ಯೆ ನಕಲು ಮಾಡಬೇಡಿ. ಕೋಡ್ ಹಾಕಿದಾಗ ವಿಸಿಡಿಎಸ್‌ನಲ್ಲಿ ‘ದೋಷ 31’ ಬಂದರೆ ಆ ಮಾಡ್ಯೂಲ್ ಒಪ್ಪುತ್ತಿಲ್ಲ ಎಂದರ್ಥ, ಬಹುಪಾಲು ಅದು ಬಟನ್ ಓದದ ಆವೃತ್ತಿ. 15ನೇ ಮಾಡ್ಯೂಲ್‌ನ ಕೋಡಿಂಗ್ ಮುಟ್ಟಬೇಡಿ. ಪ್ಲಗ್ ಸಂಖ್ಯೆ ಹೊಂದುವ ಏರ್‌ಬ್ಯಾಗ್ ತಂದಿದ್ದರೆ ಅದನ್ನು ಬದಲಿಸುವ ಅಗತ್ಯವೇ ಬೀಳದು.

ಏರ್‌ಬ್ಯಾಗ್ ದೀಪ ಆರದಿದ್ದರೆ

ಮತ್ತೆ ಸ್ಕ್ಯಾನ್ ಮಾಡಿ. ಸಾಮಾನ್ಯವಾಗಿ ಸಿಗುವುದು 00588, ಅಂದರೆ ಚಾಲಕನ ಇಗ್ನೈಟರ್ ಎನ್95ರ ದೋಷ. ಅದರ ಪಕ್ಕದಲ್ಲಿ ಬರೆದದ್ದನ್ನು ಓದಿ, ಸುಳಿವು ಅಲ್ಲಿದೆ.

‘ಪ್ರತಿರೋಧ ಹೆಚ್ಚು’ ಎಂದಿದ್ದರೆ ಎಲ್ಲೋ ಸಂಪರ್ಕ ತಪ್ಪಿದೆ: ಪ್ಲಗ್ ಕೂತಿಲ್ಲ, ಒಳ ವೈರಿಂಗ್ ಕಡಿದಿದೆ ಅಥವಾ ಕ್ಲಾಕ್ ಸ್ಪ್ರಿಂಗ್ ಹರಿದಿದೆ. ಹಾರ್ನ್ ಮತ್ತು ಬಟನ್‌ಗಳೂ ಸತ್ತಿದ್ದರೆ ಕ್ಲಾಕ್ ಸ್ಪ್ರಿಂಗ್ ಮೇಲೇ ಅನುಮಾನ.

‘ಪ್ರತಿರೋಧ ಕಡಿಮೆ’ ಎಂದಿದ್ದರೆ ಶಾರ್ಟ್ ಆಗಿದೆ. ಏರ್‌ಬ್ಯಾಗ್ ಪ್ಲಗ್‌ನ ಒಳಗೆ ಒಂದು ಪುಟ್ಟ ಲೋಹದ ಸೇತುವೆ ಇದೆ. ಪ್ಲಗ್ ಬಿಡಿಸಿದಾಗ ಅದು ಎರಡು ಪಿನ್‌ಗಳನ್ನು ಒಂದಕ್ಕೊಂದು ಜೋಡಿಸಿ, ಸ್ಥಿರ ವಿದ್ಯುತ್‌ಗೆ ಇಗ್ನೈಟರ್ ಹೊತ್ತದಂತೆ ಕಾಯುತ್ತದೆ. ಪ್ಲಗ್ ಅರ್ಧ ಕೂತರೆ ಸೇತುವೆ ತೆರೆಯುವುದಿಲ್ಲ, ದೋಷ ಉಳಿಯುತ್ತದೆ. ಪ್ಲಗ್‌ನ ಬೀಗ ಇಳಿದಿದೆಯೇ ಮೊದಲು ನೋಡಿ, ಆಮೇಲೆ ನುಜ್ಜಾದ ತಂತಿ ಹುಡುಕಿ. ಎನ್250 ಎಂದು ಬಂದರೆ ಎರಡನೇ ಪ್ಲಗ್‌ನ ಕಥೆ.

ಪ್ರತಿ ಸಲ ಪ್ಲಗ್ ಮುಟ್ಟುವ ಮುಂಚೆ ಬ್ಯಾಟರಿ ಬಿಡಿಸಿ ಹತ್ತು ನಿಮಿಷ ಕಾಯುವುದನ್ನು ಬಿಡಬೇಡಿ. ಎರಡನೇ ಸಲ ಬಿಚ್ಚುವಾಗಲೇ ಜನ ಇದನ್ನು ಮರೆಯುವುದು. ಹರಿದ ಏರ್‌ಬ್ಯಾಗ್ ತಂತಿಯನ್ನು ಹೆಣೆದು ಟೇಪ್ ಸುತ್ತಬೇಡಿ, ವೈರಿಂಗ್ ಕಟ್ಟನ್ನೇ ಬದಲಿಸಿ. ದೀಪ ಉರಿಯುತ್ತಿರುವಾಗ ಅಪಘಾತವಾದರೆ ಚೀಲ ತೆರೆಯದೇ ಹೋಗಬಹುದು. ಹಾಗಾಗಿ ಹಳೆ ವೀಲ್, ಹಳೆ ಏರ್‌ಬ್ಯಾಗ್ ವಾಪಸ್ ಹಾಕಿ ದೀಪ ಆರಿಸಿಕೊಂಡೇ ರಸ್ತೆಗಿಳಿಯಿರಿ, ಬೇಕಾದ ಭಾಗ ಬರುವವರೆಗೆ ಅದೇ ಇರಲಿ.

ಹಳೆ ಏರ್‌ಬ್ಯಾಗ್ ಏನು ಮಾಡುವುದು

ಅದು ಸಿಡಿಯದ ಮದ್ದು. ಮನೆಯ ಕಸಕ್ಕೆ, ಬೀದಿಯ ಗುಜರಿಯವನಿಗೆ ಕೊಡಬೇಡಿ. ಕಬ್ಬಿಣದ ಆಸೆಗೆ ಅದನ್ನು ಸುತ್ತಿಗೆಯಿಂದ ಒಡೆಯುವ ಕೈ ಯಾರದ್ದೋ ಇರುತ್ತದೆ. ಹೊಸ ಜೋಡಣೆ ದೀಪವಿಲ್ಲದೆ ಒಂದಷ್ಟು ತಿಂಗಳು ಓಡುವವರೆಗೆ ಪೆಟ್ಟಿಗೆಯಲ್ಲಿ ಮುಖ ಮೇಲಾಗಿ ಇಟ್ಟು, ಮೇಲೆ ‘ಏರ್‌ಬ್ಯಾಗ್, ಬಿಚ್ಚಬೇಡಿ’ ಎಂದು ದೊಡ್ಡದಾಗಿ ಬರೆಯಿರಿ. ಬೇಡವೆನಿಸಿದಾಗ ಅಧಿಕೃತ ಸರ್ವಿಸ್ ಕೇಂದ್ರಕ್ಕೋ ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೋ ಮೊದಲೇ ಫೋನ್ ಮಾಡಿ, ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ, ಅಲ್ಲಿಗೇ ಒಯ್ದು ಒಪ್ಪಿಸಿ.